ಹೆಸರು ಹಿಡಿದು ಹೊರಡಿ: ಹೊಸ ಇಂಡೀ ರಾಕ್, ಫೋಕ್ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಫೋನಿನಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ಆದರೂ ನಾವು ಕೇಳುವುದು ಅದೇ ಮೂವತ್ತು ನಲವತ್ತು, ಅಲ್ವಾ? ನನ್ನ ಕಥೆಯೂ ಹಾಗೇ ಇತ್ತು. ಆ್ಯಪ್ ಬಡಿಸಿದ್ದನ್ನೇ ಎರಡು ವರ್ಷ ಕೇಳಿದೆ. ಒಂದು ದಿನ ಗೊತ್ತಾಯಿತು, ಹೊಸದು ಅಂತ ಬರುತ್ತಿದ್ದ ಪ್ರತಿ ಹಾಡೂ ಹಳೆಯದರ ತಮ್ಮನೋ ತಂಗಿಯೋ ಆಗಿತ್ತು. ಅದೇ ಪಿಸುದನಿ, ಅದೇ ಗಿಟಾರ್, ಅದೇ ಸಪ್ಪೆ ಮುಖ.

ಆಮೇಲೆ ಒಂದು ಅಭ್ಯಾಸ ಬದಲಿಸಿದೆ. 'ಇದೇ ಥರದ ಹಾಡು ಯಾವುದಿದೆ' ಅಂತ ಕೇಳುವುದು ಬಿಟ್ಟು, 'ಈ ಹಾಡಿನ ಸುತ್ತ ಯಾರ್ಯಾರಿದ್ದಾರೆ' ಅಂತ ಕೇಳತೊಡಗಿದೆ. ಪಿಟೀಲು ನುಡಿಸಿದ್ದು ಯಾರು, ರೆಕಾರ್ಡ್ ಮಾಡಿದ್ದು ಯಾರು, ಹೊರತಂದಿದ್ದು ಯಾರು, ಅವತ್ತು ಇವರಿಗಿಂತ ಮೊದಲು ವೇದಿಕೆ ಹತ್ತಿದ್ದು ಯಾರು. ಈ ಮಾರ್ಗದರ್ಶಿಯಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಆ ಒಂದು ಪ್ರಶ್ನೆಯ ವಿಸ್ತಾರ.

ಹೊರಡುವ ಮೊದಲು ಎರಡು ಪದಗಳ ಬಗ್ಗೆ ಸ್ವಲ್ಪ. ಇಂಡೀ ಅನ್ನುವುದು ಮೊದಲಿಗೆ ಸಂಗೀತದ ಶೈಲಿಯ ಹೆಸರಾಗಿರಲಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಲೇಬಲ್‌ಗಳು, ಅಂದರೆ ರೆಕಾರ್ಡ್ ಪ್ರಕಟಿಸುವ ಸಂಸ್ಥೆಗಳು, ಹೊರತಂದ ರೆಕಾರ್ಡಿಗೆ ಹಾಗೆ ಕರೆಯುತ್ತಿದ್ದರು. ಬರಬರುತ್ತಾ ಅದೇ ಒಂದು ಶೈಲಿಯ ಹೆಸರಾಯಿತು. ಫೋಕ್ ಅನ್ನುವ ಪದದೊಳಗೆ ಎರಡು ಸಂಗೀತ ಅಡಗಿವೆ. ಬರೆದವರು ಯಾರೆಂದು ಗೊತ್ತಿಲ್ಲದ, ಬಾಯಿಂದ ಬಾಯಿಗೆ ಬಂದ ಹಾಡುಗಳು ಒಂದು. ಗಿಟಾರ್ ಹಿಡಿದು ತಾವೇ ಬರೆದ ಹಾಡು ಹಾಡುವವರು ಇನ್ನೊಂದು. ಎರಡನ್ನೂ ಹುಡುಕುವ ದಾರಿ ಬೇರೆ ಬೇರೆ. ಇದು ಗೊತ್ತಿಲ್ಲದೆ ನಾನು ಬಹಳ ದಿನ ಒದ್ದಾಡಿದೆ.

ಹಂತ 1: ಒಂದು ಆಲ್ಬಮ್ ಆರಿಸಿ, ಅದರ ಬೆನ್ನು ಓದಿ

ಹತ್ತು ಬೇಡ, ಒಂದೇ ಸಾಕು. ನಿಮಗೆ ನಿಜಕ್ಕೂ ಹಿಡಿಸಿದ ಒಂದು ಆಲ್ಬಮ್. ಅದರ ಕ್ರೆಡಿಟ್ಸ್, ಅಂದರೆ ಯಾರು ಏನು ಮಾಡಿದರು ಅನ್ನುವ ಪಟ್ಟಿ, ಹುಡುಕಿ. ಎಲ್‌ಪಿ ಅಥವಾ ಸಿಡಿ ಕೈಯಲ್ಲಿದ್ದರೆ ಹಿಂದುಗಡೆ ಅಥವಾ ಒಳಗಿನ ಹಾಳೆಯಲ್ಲಿರುತ್ತದೆ. ಇಲ್ಲದಿದ್ದರೆ ಡಿಸ್ಕಾಗ್ಸ್ ತಾಣಕ್ಕೆ ಹೋಗಿ. 2000ರಲ್ಲಿ ಶುರುವಾದ ಈ ತಾಣದಲ್ಲಿ ಬಹಳಷ್ಟು ರೆಕಾರ್ಡುಗಳ ಕೆಳಗೆ ನುಡಿಸಿದವರು, ರೆಕಾರ್ಡ್ ಮಾಡಿದವರು, ಮಿಕ್ಸ್ ಮಾಡಿದವರ (ಸದ್ದುಗಳನ್ನು ಹದವಾಗಿ ಬೆರೆಸಿದವರ) ಹೆಸರುಗಳಿರುತ್ತವೆ. ಯಾವ ಹೆಸರು ಒತ್ತಿದರೂ ಆ ವ್ಯಕ್ತಿ ಕೆಲಸ ಮಾಡಿದ ರೆಕಾರ್ಡುಗಳ ಪಟ್ಟಿ ತೆರೆಯುತ್ತದೆ.

ಒಂದು ಉದಾಹರಣೆ ಮಾಡಿಯೇ ನೋಡೋಣ. ಹಾರ್ಪ್ ಅನ್ನುವ ತಂತಿವಾದ್ಯ ನುಡಿಸುತ್ತಾ ಹಾಡುವ ಜೊಆನಾ ನ್ಯೂಸಮ್ 2006ರಲ್ಲಿ 'ಈಸ್' ಅನ್ನುವ ಆಲ್ಬಮ್ ತಂದರು. ಐದೇ ಹಾಡು, ಸುಮಾರು 55 ನಿಮಿಷ. ಇದರ ಕ್ರೆಡಿಟ್ಸ್ ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಅವರ ದನಿ ಮತ್ತು ಹಾರ್ಪ್ ರೆಕಾರ್ಡ್ ಮಾಡಿದ್ದು ಸ್ಟೀವ್ ಅಲ್ಬೀನಿ. ಪಿಕ್ಸೀಸ್‌ನ 1988ರ ಆಲ್ಬಮ್, 1993ರಲ್ಲಿ ಪಿ.ಜೆ. ಹಾರ್ವೆ ಮತ್ತು ನಿರ್ವಾಣ ಬ್ಯಾಂಡಿನ ಆಲ್ಬಮ್‌ಗಳು, ಹೀಗೆ ಕಿವಿ ಗುಂಯ್‌ಗುಡಿಸುವ ರೆಕಾರ್ಡುಗಳ ಹಿಂದಿದ್ದ ಮನುಷ್ಯ. ಹಾರ್ಪ್‌ಗೂ ಅವರಿಗೂ ಎಲ್ಲಿಂದೆಲ್ಲಿಯ ಸಂಬಂಧ! ಆ ಹೆಸರು ಒತ್ತಿ ಒಳಗೆ ಹೋದರೆ ಗಾಯಕಿ ನೀನಾ ನಾಸ್ಟಾಸಿಯಾ ಸಿಗುತ್ತಾರೆ, ಲೋ ಅನ್ನುವ ಬ್ಯಾಂಡ್ ಸಿಗುತ್ತದೆ. ಎರಡೂ ತುಂಬಾ ಮೆಲ್ಲಗಿನ ಸಂಗೀತ. ಸ್ಟುಡಿಯೋದ ಬಣ್ಣ ಬಳಿಯದೆ, ಕೋಣೆಯಲ್ಲಿ ಕೇಳಿದಂತೆಯೇ ಹಿಡಿಯುವುದು ಅಲ್ಬೀನಿಯ ಗುಣ ಅನ್ನುವುದು ಆಗ ಹೊಳೆಯುತ್ತದೆ. ಯಾವ 'ಇದೇ ಥರದ ಹಾಡು' ಪಟ್ಟಿಯೂ ಹಾರ್ಪ್‌ನಿಂದ ಪಿಕ್ಸೀಸ್‌ಗೆ ಕರೆದೊಯ್ಯುವುದಿಲ್ಲ.

ಅದೇ ಆಲ್ಬಮ್ ಮಿಕ್ಸ್ ಮಾಡಿದ್ದು ಜಿಮ್ ಒರೂರ್ಕ್. ಅವರು ಸೋನಿಕ್ ಯೂತ್ ಬ್ಯಾಂಡಿನಲ್ಲಿ ಕೆಲವು ವರ್ಷ ಇದ್ದವರು, ವಿಲ್ಕೋ ಬ್ಯಾಂಡಿಗೂ ಮಿಕ್ಸ್ ಮಾಡಿದವರು. ಹೊರತಂದಿದ್ದು ಶಿಕಾಗೋದ ಡ್ರ್ಯಾಗ್ ಸಿಟಿ ಲೇಬಲ್. ಅಲ್ಲಿ ಗಾಯಕ ಬಿಲ್ ಕ್ಯಾಲಹನ್ ಇದ್ದಾರೆ.

ಈಗ ಇನ್ನೊಂದು ಕಡೆಗೆ ಹೋಗಿ. ನ್ಯೂಸಮ್ ಬೇರೆ ಯಾರ ರೆಕಾರ್ಡಿನಲ್ಲಿ ನುಡಿಸಿದ್ದಾರೆ ನೋಡಿ. 2005ರ ವಾಷ್ಟಿ ಬನ್ಯನ್ ಆಲ್ಬಮ್‌ನಲ್ಲಿ ಅವರ ಹಾರ್ಪ್ ಇದೆ. ಯಾರೀ ಬನ್ಯನ್? 1970ರಲ್ಲಿ ಒಂದು ಆಲ್ಬಮ್ ಮಾಡಿ, ಅದು ಮಾರಾಟವಾಗದೆ, ಸಂಗೀತವನ್ನೇ ಬಿಟ್ಟು ಹೋದ ಗಾಯಕಿ. ಆ ಆಲ್ಬಮ್ 2000ರಲ್ಲಿ ಮತ್ತೆ ಹೊರಬಂತು. ಹೊಸ ತಲೆಮಾರು ಎದೆಗಪ್ಪಿಕೊಂಡಿತು. ಮೂವತ್ತೈದು ವರ್ಷದ ನಂತರ ಅವರ ಎರಡನೇ ಆಲ್ಬಮ್ ಬಂದಿದ್ದು ಹೀಗೆ. 1970ರ ಆಲ್ಬಮ್‌ನ ನಿರ್ಮಾಪಕ ಜೋ ಬಾಯ್ಡ್. ಆ ಹೆಸರು ಒತ್ತಿದರೆ ನಿಕ್ ಡ್ರೇಕ್, ಫೇರ್‌ಪೋರ್ಟ್ ಕನ್ವೆನ್ಷನ್, ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್. ಅಂದರೆ ಬ್ರಿಟನ್ನಿನ ಆ ಕಾಲದ ಫೋಕ್‌ನ ಅರ್ಧ ಮನೆ ನಿಮ್ಮ ಮುಂದೆ ಬಾಗಿಲು ತೆರೆದು ನಿಂತಿರುತ್ತದೆ.

ಇಷ್ಟಕ್ಕೆ ಬೇಕಾಗಿದ್ದು ಒಂದು ಸಂಜೆ, ಏಳೆಂಟು ಕ್ಲಿಕ್. ಒಂದು ಎಚ್ಚರಿಕೆ: ಒಂದೇ ಸಲಕ್ಕೆ ಮೂರು ಹೆಸರಿಗಿಂತ ಜಾಸ್ತಿ ಬೆನ್ನು ಹತ್ತಬೇಡಿ. ಹೆಸರು ಕೂಡಿಹಾಕುವುದೇ ಚಟವಾಗಿ, ಹಾಡು ಕೇಳುವುದು ಮರೆತುಹೋಗುತ್ತದೆ.

ಹಂತ 2: ಲೇಬಲ್ ಅನ್ನು ಗೆಳೆಯನಂತೆ ನೋಡಿ

ಸಣ್ಣ ಲೇಬಲ್ ಅಂದರೆ ಎಷ್ಟೋ ಸಲ ಇಬ್ಬರು ಮೂವರ ಅಭಿರುಚಿ. ಮರ್ಜ್ ಲೇಬಲ್ ಶುರುಮಾಡಿದ್ದು 1989ರಲ್ಲಿ, ಸೂಪರ್‌ಚಂಕ್ ಬ್ಯಾಂಡಿನ ಇಬ್ಬರು. ತಮ್ಮದೇ ಮತ್ತು ಗೆಳೆಯರ ರೆಕಾರ್ಡು ಹೊರತರಲು. ಮುಂದೆ ಆರ್ಕೇಡ್ ಫೈರ್‌ನ 2004ರ ಮೊದಲ ಆಲ್ಬಮ್ ಬಂದಿದ್ದು ಅಲ್ಲಿಂದಲೇ. ಸಿಯಾಟಲ್‌ನ ಸಬ್ ಪಾಪ್ ಅಂದರೆ ಎಲ್ಲರಿಗೂ ನಿರ್ವಾಣ ನೆನಪಾಗುತ್ತದೆ. ಆದರೆ ಐರನ್ ಆ್ಯಂಡ್ ವೈನ್, ಫ್ಲೀಟ್ ಫಾಕ್ಸಸ್ ಥರದ ಮೆಲುದನಿಯ ಫೋಕ್ ತಂದಿದ್ದೂ ಅದೇ ಲೇಬಲ್. ಅಮೆರಿಕದ ಬ್ಲೂಮಿಂಗ್ಟನ್ ಊರಿನಲ್ಲಿ ಬೆಳೆದ ಜಗ್‌ಜಗುವರ್, ಡೆಡ್ ಓಷನ್ಸ್, ಸೀಕ್ರೆಟ್ಲಿ ಕೆನೇಡಿಯನ್ ಈ ಮೂರೂ ಒಂದೇ ಮನೆತನ. ಬಾನ್ ಇವೇರ್, ಏಂಜೆಲ್ ಓಲ್ಸನ್, ಮಿಟ್ಸ್ಕಿ, ಫೀಬಿ ಬ್ರಿಡ್ಜರ್ಸ್ ಎಲ್ಲ ಇಲ್ಲಿ ಸಿಗುತ್ತಾರೆ.

ಲೇಬಲ್ ಪುಟಕ್ಕೆ ಹೋದಾಗ ಎಲ್ಲರೂ ಮಾಡುವ ತಪ್ಪು, ದೊಡ್ಡ ಹೆಸರಿಗೇ ಕೈ ಹಾಕುವುದು. ನೀವು ಎರಡು ಕಡೆ ನೋಡಿ. ಒಂದು, ಕಳೆದ ಆರು ತಿಂಗಳಲ್ಲಿ ಬಂದವು. ಇನ್ನೊಂದು, ನಿಮಗಿಷ್ಟವಾದ ಆಲ್ಬಮ್ ಬಂದ ವರ್ಷವೇ ಅಲ್ಲಿಂದ ಬಂದ ಬೇರೆ ಆಲ್ಬಮ್‌ಗಳು. ಈ ಎರಡನೆಯದರಲ್ಲಿ ನನಗೆ ಸಿಕ್ಕಷ್ಟು ಬೇರೆಲ್ಲೂ ಸಿಕ್ಕಿಲ್ಲ. ದೊಡ್ಡ ಗೆಲುವಿನ ನೆರಳಲ್ಲಿ ಕಳೆದುಹೋದ ರೆಕಾರ್ಡುಗಳು ಅವು.

ಬ್ಯಾಂಡ್ ಲೇಬಲ್ ಬದಲಿಸಿದರೆ ಅದೂ ಒಂದು ಸುಳಿವು. ಬಿಗ್ ಥೀಫ್‌ನ ಮೊದಲ ಎರಡು ಆಲ್ಬಮ್ ಸ್ಯಾಡಲ್ ಕ್ರೀಕ್‌ನಿಂದ ಬಂದವು. 2019ರಲ್ಲಿ ಅವರು 4ಎಡಿ ಲೇಬಲ್‌ಗೆ ಹೋದರು. ಹಳೆಯ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಸುಮ್ನೆ ಇಣುಕಿ ನೋಡಿ.

ಹಂತ 3: ಬ್ಯಾಂಡ್‌ಕ್ಯಾಂಪ್‌ನಲ್ಲಿ ಮುಖಗಳನ್ನು ಒತ್ತಿ

2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಲಾವಿದರು ನೇರವಾಗಿ ಆಲ್ಬಮ್ ಮಾರುತ್ತಾರೆ. ಬಹಳಷ್ಟನ್ನು ಕೊಳ್ಳುವ ಮೊದಲು ಪೂರ್ತಿ ಕೇಳಬಹುದು. ಎಲ್ಲರಿಗೂ ಗೊತ್ತಿರುವುದು ಅಲ್ಲಿನ ಟ್ಯಾಗ್‌ಗಳು: ಫೋಕ್, ಲೋ-ಫೈ (ಮನೆಯಲ್ಲೇ ಮಾಡಿದಂಥ ಕಚ್ಚಾ ಸದ್ದು), ಸ್ಲೋಕೋರ್ (ನಿಧಾನದ, ಮೆಲುದನಿಯ ರಾಕ್) ಹೀಗೆ. ಊರಿನ ಹೆಸರೂ ಟ್ಯಾಗ್ ಆಗಿರುತ್ತದೆ. ಒಂದು ಶೈಲಿ ಮತ್ತು ಒಂದು ಊರು ಸೇರಿಸಿ, ಹೊಸದು ಮೊದಲು ಅಂತ ಜೋಡಿಸಿ ನೋಡಿ. ನಿನ್ನೆ ರಾತ್ರಿ ಯಾರೋ ಮನೆಯಲ್ಲಿ ಕೂತು ಮಾಡಿ ಹಾಕಿದ್ದು ಸಿಗುತ್ತದೆ. ಕೆಲವು ಕೇಳಲಾಗದಷ್ಟು ಕಚ್ಚಾ. ಪರವಾಗಿಲ್ಲ, ಒಂದು ನಿಮಿಷ ಕೊಟ್ಟು ಮುಂದೆ ಹೋಗಿ.

ನಿಜವಾದ ನಿಧಿ ಬೇರೆ ಇದೆ. ಪ್ರತಿ ಆಲ್ಬಮ್ ಪುಟದಲ್ಲೂ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿ. ಆ ವ್ಯಕ್ತಿ ಕೊಂಡ ಎಲ್ಲ ಆಲ್ಬಮ್‌ಗಳೂ ಕಾಣುತ್ತವೆ. ತುಂಬಾ ಜನಪ್ರಿಯ ಆಲ್ಬಮ್‌ನಿಂದ ಶುರುಮಾಡಿದರೆ ಏನೂ ಉಪಯೋಗವಿಲ್ಲ, ಅದನ್ನು ಎಲ್ಲರೂ ಕೊಂಡಿರುತ್ತಾರೆ. ನೂರು ಜನ ಮಾತ್ರ ಕೊಂಡಿರುವ, ನಿಮಗೆ ಪ್ರಾಣವಾದ ಆಲ್ಬಮ್‌ನಿಂದ ಹೊರಡಿ. ಅದನ್ನು ಕೊಂಡವರಲ್ಲಿ ಒಬ್ಬರ ಸಂಗ್ರಹದಲ್ಲಿ ನಿಮಗೆ ಇಷ್ಟವಾದ ಇನ್ನೂ ಎರಡು ಕಂಡರೆ ಅಲ್ಲೇ ನಿಲ್ಲಿ. ಆ ಅಪರಿಚಿತರು ನಿಮ್ಮ ಕಿವಿಯ ನೆಂಟರು. ಅವರು ಕೊಂಡಿದ್ದನ್ನೆಲ್ಲ ನಿಧಾನವಾಗಿ ಕೇಳುತ್ತಾ ಹೋಗಿ, ಅವರನ್ನು ಫಾಲೋ ಮಾಡಿ. ದುಡ್ಡು ಕೊಟ್ಟು ಕೊಂಡಿದ್ದಕ್ಕೂ ಸುಮ್ನೆ ಲೈಕ್ ಒತ್ತಿದ್ದಕ್ಕೂ ತುಂಬಾ ವ್ಯತ್ಯಾಸವಿದೆ.

ಕೊಳ್ಳುವುದಾದರೆ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ ಕೊಳ್ಳಿ. 2020ರ ಮಾರ್ಚ್‌ನಲ್ಲಿ, ಕೊರೋನಾದಿಂದ ಕಾರ್ಯಕ್ರಮಗಳೆಲ್ಲ ನಿಂತಾಗ ಶುರುವಾದ ಪದ್ಧತಿ ಇದು. ಡಿಜಿಟಲ್ ಮಾರಾಟದಲ್ಲಿ ತಾಣ ಸಾಮಾನ್ಯವಾಗಿ ಹಿಡಿದುಕೊಳ್ಳುವ ಶೇ. 15 ಪಾಲನ್ನು ಅವತ್ತು ಬಿಟ್ಟುಕೊಡುತ್ತದೆ.

ಹಂತ 4: ಒಬ್ಬ ರೇಡಿಯೋ ನಿರೂಪಕರನ್ನು ಹಿಡಿಯಿರಿ

ಜಾನ್ ಪೀಲ್ ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರವರೆಗೆ ಇದ್ದರು. ಹೊಸ ಬ್ಯಾಂಡುಗಳನ್ನು ಕರೆಸಿ ಅವರು ರೆಕಾರ್ಡ್ ಮಾಡಿಸಿದ ಸೆಷನ್‌ಗಳು 4,000ಕ್ಕೂ ಜಾಸ್ತಿ. ಒಬ್ಬ ಮನುಷ್ಯನ ಕಿವಿ ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಎಲ್ಲಿದ್ದರೂ ಇಂಟರ್ನೆಟ್ಟಿನಲ್ಲಿ ರೇಡಿಯೋ ಕೇಳಬಹುದು. ಸಿಯಾಟಲ್‌ನ ಕೆಇಎಕ್ಸ್‌ಪಿ ತನ್ನ ತಾಣದಲ್ಲಿ ಪ್ರತಿ ಹಾಡಿನ ಹೆಸರು, ಸಮಯ ಹಾಕುತ್ತದೆ. ಎಷ್ಟೋ ಸಲ ನಿರೂಪಕರ ಪುಟ್ಟ ಟಿಪ್ಪಣಿಯೂ ಜೊತೆಗಿರುತ್ತದೆ. ಬಿಬಿಸಿ 6 ಮ್ಯೂಸಿಕ್ 2002ರಲ್ಲಿ ಶುರುವಾಯಿತು. 2010ರಲ್ಲಿ ಮುಚ್ಚಲು ಹೊರಟಾಗ ಕೇಳುಗರು ಗಲಾಟೆ ಮಾಡಿ ಉಳಿಸಿಕೊಂಡರು. ಅಮೆರಿಕದ ಡಬ್ಲ್ಯುಎಫ್ಎಂಯು ಸ್ಟೇಷನ್ನಿನಲ್ಲಿ ನಿರೂಪಕರಿಗೆ ಯಾರೂ ಪ್ಲೇಲಿಸ್ಟ್ ಕೊಡುವುದಿಲ್ಲ, ಅವರಿಗೆ ತೋಚಿದ್ದು ಹಾಕುತ್ತಾರೆ. ಅದು ಕೆಲವೊಮ್ಮೆ ಸಹಿಸಲಾಗದು, ಕೆಲವೊಮ್ಮೆ ಸ್ವರ್ಗ.

ಮಾಡಬೇಕಾದ್ದು ಇಷ್ಟೇ. ಸ್ಟೇಷನ್ ಆರಿಸಬೇಡಿ, ನಿರೂಪಕರನ್ನು ಆರಿಸಿ. ಒಬ್ಬರದೇ ಕಾರ್ಯಕ್ರಮ ನಾಲ್ಕು ವಾರ ಬಿಡದೆ ಕೇಳಿ. ಮೊದಲ ವಾರ ಎಲ್ಲವೂ ಅಪರಿಚಿತ. ಮೂರನೇ ವಾರಕ್ಕೆ ಅವರ ಹುಚ್ಚು ಏನು ಅಂತ ಗೊತ್ತಾಗುತ್ತದೆ. ಒಗ್ಗಲಿಲ್ಲವೇ, ಇನ್ನೊಬ್ಬರನ್ನು ನೋಡಿ.

ಹಂತ 5: ಆ್ಯಪ್‌ನಿಂದಲೂ ಕೆಲಸ ತೆಗೆಸಿ

ಆಲ್ಗಾರಿದಂ ಅನ್ನು ಬೈಯುವುದು ಈಗ ಫ್ಯಾಷನ್. ಅದನ್ನು ಆಳಿನಂತೆ ದುಡಿಸಿಕೊಂಡರೆ ತೊಂದರೆಯಿಲ್ಲ. ಸ್ಪಾಟಿಫೈನ ಡಿಸ್ಕವರ್ ವೀಕ್ಲಿ 2015ರಲ್ಲಿ ಶುರುವಾಯಿತು, ಪ್ರತಿ ಸೋಮವಾರ 30 ಹಾಡು ಕೊಡುವ ಲೆಕ್ಕದಲ್ಲಿ. ನೀವು ಕೇಳಿದ್ದನ್ನೇ ಅದು ನಿಮಗೆ ತಿರುಗಿಸಿ ಕೊಡುವುದರಿಂದ, ಕೊಡುವ ಮೇವು ಬದಲಿಸಿ. ಹಿಂದಿನ ಹಂತಗಳಲ್ಲಿ ಸಿಕ್ಕ ಹದಿನೈದು ಅಪರೂಪದ ಹಾಡು ಸೇರಿಸಿ ಹೊಸ ಪ್ಲೇಲಿಸ್ಟ್ ಮಾಡಿ, ಅದರ ಕೆಳಗೆ ಬರುವ ಸಲಹೆಗಳನ್ನು ಕೇಳಿ. ನಿದ್ದೆ ಮಾಡಲು, ಕೆಲಸ ಮಾಡಲು ಹಾಕುವ ಹಾಡು ಆ ಮೇವಿಗೆ ಸೇರದಿರಲಿ ಅಂತ ಆ್ಯಪ್‌ನ ಪ್ರೈವೇಟ್ ಸೆಷನ್ ಬಳಸಿ. ಹೊಸ ಆಲ್ಬಮ್‌ಗಳಿಗಾಗಿ ಶುಕ್ರವಾರ ನೋಡಿದರೆ ಸಾಕು. 2015ರ ಜುಲೈನಿಂದ ಲೋಕದಾದ್ಯಂತ ಬಿಡುಗಡೆ ಆ ದಿನವೇ.

ಹಂತ 6: ಹಳೆಯ ಫೋಕ್ ಹಾಡನ್ನು ನಂಬರ್ ಹಿಡಿದು ಹುಡುಕಿ

ಸಾಂಪ್ರದಾಯಿಕ ಫೋಕ್‌ನಲ್ಲಿ ಕಲಾವಿದರಿಗಿಂತ ಹಾಡು ದೊಡ್ಡದು. ಹಾಗಾಗಿ ಇಲ್ಲಿ ಹಾಡಿನ ಬೆನ್ನು ಹತ್ತಬೇಕು. ಇಂಗ್ಲಿಷ್ ಹಾಡುಗಳಿಗೆ ಇದಕ್ಕೊಂದು ಸೊಗಸಾದ ಸಾಧನವಿದೆ, ರೌಡ್ ಇಂಡೆಕ್ಸ್. ಸ್ಟೀವ್ ರೌಡ್ ಅನ್ನುವ ಗ್ರಂಥಪಾಲಕರು ಕಟ್ಟಿದ ಪಟ್ಟಿ. ಸುಮಾರು 25,000 ಹಾಡುಗಳಿಗೆ ಒಂದೊಂದು ನಂಬರ್. ಒಂದೇ ಹಾಡು ಊರೂರಿಗೆ ಹೆಸರು ಬದಲಿಸಿಕೊಂಡಿದ್ದರೂ ನಂಬರ್ ಒಂದೇ. ಲಂಡನ್ನಿನ ವಾನ್ ವಿಲಿಯಮ್ಸ್ ಮೆಮೋರಿಯಲ್ ಲೈಬ್ರರಿಯ ತಾಣದಲ್ಲಿ ಉಚಿತವಾಗಿ ಹುಡುಕಬಹುದು.

'ಬಾರ್ಬರಾ ಆ್ಯಲನ್' ಅನ್ನುವ ಹಾಡು ತೆಗೆದುಕೊಳ್ಳಿ. ಸಾಯುತ್ತಿರುವ ಪ್ರೇಮಿ, ಮನಸ್ಸು ಕರಗದ ಹುಡುಗಿ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1666ರಲ್ಲೇ ಇದನ್ನು ಕೇಳಿದ್ದಾಗಿ ಡೈರಿಯಲ್ಲಿ ಬರೆದಿದ್ದಾನೆ. ರೌಡ್ ನಂಬರ್ 54. ಫ್ರಾನ್ಸಿಸ್ ಚೈಲ್ಡ್ ಎಂಬ ವಿದ್ವಾಂಸ 305 ಕಥನಗೀತೆಗಳನ್ನು ಸಂಗ್ರಹಿಸಿದ್ದ, ಅದರಲ್ಲಿ ಇದು 84. ಈಗ ಈ ಹಾಡಿನ ನಾಲ್ಕು ರೆಕಾರ್ಡಿಂಗ್ ಒಂದರ ಹಿಂದೊಂದು ಕೇಳಿ. ವಾದ್ಯವಿಲ್ಲದೆ ಹಾಡುವ ಮುದುಕಿಯ ದನಿ ಒಂದು, ಗಿಟಾರ್ ಹಿಡಿದವರದ್ದು ಒಂದು, ಬ್ಯಾಂಡಿನದ್ದು ಒಂದು, ಈಚೆಗಿನದ್ದು ಒಂದು. ಎಲ್ಲಿ ಸಾಲು ಬಿಟ್ಟಿದ್ದಾರೆ, ಎಲ್ಲಿ ರಾಗ ತಿರುಗಿದೆ ಅಂತ ಕಿವಿ ತಾನಾಗೇ ಹಿಡಿಯುತ್ತದೆ. ನಿಮಗೆ ಹಿಡಿಸಿದ ದನಿ ಯಾರದ್ದೋ ಅವರ ಉಳಿದ ಹಾಡುಗಳಿಗೆ ಹೋಗಿ.

ಹಳೆಯ ರೆಕಾರ್ಡಿಂಗ್ ಬೇಕಾದರೆ ಫೋಕ್‌ವೇಸ್ ದೊಡ್ಡ ಕಣಜ. ಮೋಸೆಸ್ ಆಶ್ 1948ರಲ್ಲಿ ಶುರುಮಾಡಿದ ಲೇಬಲ್, 1987ರಿಂದ ಸ್ಮಿತ್‌ಸೋನಿಯನ್ ಸಂಸ್ಥೆಯ ಕೈಯಲ್ಲಿದೆ. ಮಾರಾಟವಾಗಲಿ ಬಿಡಲಿ, ಅಲ್ಲಿನ ಯಾವ ರೆಕಾರ್ಡೂ ಅಲಭ್ಯವಾಗಬಾರದು ಅನ್ನುವುದು ಅವತ್ತಿನ ಒಪ್ಪಂದ. 1952ರಲ್ಲಿ ಹ್ಯಾರಿ ಸ್ಮಿತ್ ಅಲ್ಲಿಂದ ಹೊರತಂದ 84 ಹಳೆಯ ಅಮೆರಿಕನ್ ಹಾಡುಗಳ ಸಂಗ್ರಹ ಅರವತ್ತರ ದಶಕದ ಫೋಕ್ ಗಾಯಕರಿಗೆಲ್ಲ ಪಾಠಪುಸ್ತಕವಾಗಿತ್ತು. ಅಲನ್ ಲೋಮ್ಯಾಕ್ಸ್ ಊರೂರು ತಿರುಗಿ ಧ್ವನಿಮುದ್ರಿಸಿದ್ದೂ ಇಂಟರ್ನೆಟ್ಟಿನಲ್ಲಿ ಉಚಿತ. ಬ್ರಿಟನ್ನಿನದು ಬೇಕಾದರೆ 1939ರಿಂದ ಇರುವ ಟಾಪಿಕ್ ಲೇಬಲ್.

ಹಂತ 7: ಟಿಕೆಟ್ ಕೊಳ್ಳುವ ಮೊದಲು ಸೆಷನ್ ವಿಡಿಯೋ ನೋಡಿ

ಆಲ್ಬಮ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಎದುರಿಗೆ ಹೇಗಿರುತ್ತದೆ? ಅಮೆರಿಕದ ಎನ್‌ಪಿಆರ್ ರೇಡಿಯೋದ ಟೈನಿ ಡೆಸ್ಕ್ ಅನ್ನುವ ವಿಡಿಯೋ ಸರಣಿ ಹುಟ್ಟಿದ್ದೇ ಇಂಥ ಒಂದು ಪೇಚಿನಿಂದ. 2008ರಲ್ಲಿ ಲಾರಾ ಗಿಬ್ಸನ್ ಎಂಬ ಫೋಕ್ ಗಾಯಕಿ ಆಸ್ಟಿನ್‌ನ ಒಂದು ಬಾರಿನಲ್ಲಿ ಹಾಡುತ್ತಿದ್ದರು. ಜನರ ಗದ್ದಲದಲ್ಲಿ ಅವರ ದನಿಯೇ ಕೇಳಲಿಲ್ಲ. ನಮ್ಮ ಆಫೀಸಿಗೇ ಬಂದು ಹಾಡಿ ಅಂತ ರೇಡಿಯೋದವರು ತಮಾಷೆ ಮಾಡಿದರು, ಗಿಬ್ಸನ್ ಬಂದೇ ಬಿಟ್ಟರು. ಆ ರೇಡಿಯೋದ ಬಾಬ್ ಬಾಯ್ಲನ್ ಅವರ ಮೇಜಿನ ಹಿಂದೆ ನಿಂತು ಹಾಡಿದ ಮೊದಲ ಕಲಾವಿದೆ ಅವರು.

ಪ್ಯಾರಿಸ್‌ನ ಲಾ ಬ್ಲೊಗೊಟೆಕ್ ತಾಣ 2006ರಿಂದ ಬ್ಯಾಂಡುಗಳನ್ನು ಬೀದಿಗೆ, ಮೆಟ್ಟಿಲಿಗೆ ಎಳೆತಂದು ಚಿತ್ರಿಸಿತು. ಆರ್ಕೇಡ್ ಫೈರ್ ಇಡೀ ತಂಡ ಲಿಫ್ಟಿನೊಳಗೆ ತುರುಕಿಕೊಂಡು ಹಾಡುತ್ತದೆ, ಒಬ್ಬ ಪತ್ರಿಕೆಯ ಹಾಳೆ ಹರಿಯುತ್ತಾ ತಾಳ ಹಾಕುತ್ತಾನೆ. ಆಡಿಯೋಟ್ರೀ, ಕೆಇಎಕ್ಸ್‌ಪಿ ಸೆಷನ್‌ಗಳು ಇಡೀ ಬ್ಯಾಂಡಿನ ಸದ್ದು ಅಳೆಯಲು ಇನ್ನೂ ಒಳ್ಳೆಯವು.

ಹಂತ 8: ಈಗ ಎದ್ದು ಹೊರಗೆ ಹೋಗಿ

ನನ್ನ ಒಂದು ಪೆದ್ದುತನ ಹೇಳಿಯೇ ಮುಂದುವರಿಯುತ್ತೇನೆ. ಒಂದು ಸಣ್ಣ ಹಾಲ್‌ನ ಕಾರ್ಯಕ್ರಮಕ್ಕೆ, ಮುಖ್ಯ ಬ್ಯಾಂಡ್ ಬರುವುದು ಹೇಗೂ ಒಂಬತ್ತಕ್ಕೆ ಅಂತ ಲೆಕ್ಕ ಹಾಕಿ ತಡವಾಗಿ ಹೋದೆ. ಒಳಗೆ ಕಾಲಿಟ್ಟಾಗ ಓಪನಿಂಗ್ ಕಲಾವಿದೆಯ ಕೊನೆಯ ಹಾಡಿನ ಕೊನೆಯ ಸಾಲು ನಡೆಯುತ್ತಿತ್ತು. ಇಡೀ ಹಾಲ್ ಉಸಿರು ಬಿಗಿಹಿಡಿದು ನಿಂತಿತ್ತು. ಆ ಅರ್ಧ ಸಾಲು ನನ್ನ ತಲೆಯಲ್ಲಿ ಇವತ್ತಿಗೂ ಇದೆ. ಮುಖ್ಯ ಬ್ಯಾಂಡ್ ಏನು ಹಾಡಿತು ಅನ್ನುವುದು ನೆನಪಿಲ್ಲ. ಅವತ್ತಿನಿಂದ ಬಾಗಿಲು ತೆರೆಯುವ ಹೊತ್ತಿಗೆ ಹೋಗುತ್ತೇನೆ.

ಓಪನಿಂಗ್ ಬ್ಯಾಂಡನ್ನು ಎಷ್ಟೋ ಸಲ ಮುಖ್ಯ ಬ್ಯಾಂಡಿನವರೇ ಆರಿಸಿರುತ್ತಾರೆ. ಅದಕ್ಕಿಂತ ಒಳ್ಳೆಯ ಶಿಫಾರಸು ಯಾರು ಕೊಡುತ್ತಾರೆ? ಹೋಗಲು ಆಗದ ಪ್ರವಾಸದ ಪೋಸ್ಟರಿನಲ್ಲೂ ಓಪನಿಂಗ್ ಹೆಸರು ನೋಡಿಕೊಳ್ಳಿ.

ಯಾವ ಊರಾದರೂ ಸರಿ, ಇನ್ನೂರು ಮುನ್ನೂರು ಜನ ಹಿಡಿಸುವ ಒಂದು ಜಾಗ ಹುಡುಕಿ. ಅದರ ತಿಂಗಳ ಪಟ್ಟಿ ತೆಗೆದು, ಪ್ರತಿ ಹೆಸರಿನ ಒಂದೊಂದು ಹಾಡು ಕೇಳಿ. ಗೊತ್ತಿರುವ ಹೆಸರುಗಳನ್ನು ಬಿಟ್ಟುಬಿಡಿ. ಒಂದಕ್ಕಾದರೂ ಹೋಗಿ. ಸಾಂಗ್‌ಕಿಕ್, ಬ್ಯಾಂಡ್ಸ್‌ಇನ್‌ಟೌನ್ ಆ್ಯಪ್‌ಗಳು ನಿಮಗೆ ಗೊತ್ತಿರುವವರ ಸುದ್ದಿ ಕೊಡುತ್ತವೆ. ಗೊತ್ತಿಲ್ಲದವರ ಸುದ್ದಿ ಆ ಪಟ್ಟಿಯಲ್ಲಿರುತ್ತದೆ. ಏನೂ ತಿಳಿಯದೆ ಹೋಗುವ ಧೈರ್ಯವಿದ್ದರೆ 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಫಾರ್ ಸೌಂಡ್ಸ್ ಕಾರ್ಯಕ್ರಮಗಳಿವೆ. ಯಾರು ಹಾಡುತ್ತಾರೆ ಅನ್ನುವುದು ಸಾಮಾನ್ಯವಾಗಿ ಹೋದ ಮೇಲೇ ಗೊತ್ತಾಗುವುದು.

ಹಬ್ಬದಂಥ ದೊಡ್ಡ ಉತ್ಸವಗಳಿಗೆ ಹೋದರೆ ಪೋಸ್ಟರ್ ಅನ್ನು ಕೆಳಗಿನಿಂದ ಮೇಲೆ ಓದಿ. ಸಣ್ಣಕ್ಷರದವರು ಮಧ್ಯಾಹ್ನ ಸಣ್ಣ ವೇದಿಕೆಯಲ್ಲಿರುತ್ತಾರೆ. ಅಲ್ಲಿ ಜಾಗವೂ ಸಿಗುತ್ತದೆ. 1959ರಲ್ಲಿ ಶುರುವಾದ ನ್ಯೂಪೋರ್ಟ್, 1965ರಲ್ಲಿ ಶುರುವಾದ ಕೇಂಬ್ರಿಡ್ಜ್ ಫೋಕ್ ಫೆಸ್ಟಿವಲ್‌ಗಳ ಹಳೆಯ ಕಲಾವಿದರ ಪಟ್ಟಿ ಮನೆಯಲ್ಲೇ ಕೂತು ಓದಿದರೂ ಒಂದು ವರ್ಷಕ್ಕಾಗುವಷ್ಟು ಹೆಸರು ಸಿಗುತ್ತವೆ.

ಐರಿಷ್ ಸೆಷನ್ ಥರದ ಫೋಕ್ ಕೂಟಗಳ ರೀತಿನೀತಿ ಬೇರೆ. ವೇದಿಕೆ ಇಲ್ಲ, ಮೇಜಿನ ಸುತ್ತ ಕೂತು ತಮಗಾಗಿ ನುಡಿಸುತ್ತಿರುತ್ತಾರೆ. ನುಡಿಸುವವರ ಕುರ್ಚಿಯಲ್ಲಿ ಕೂರಬೇಡಿ, ಕೇಳದೆ ರೆಕಾರ್ಡ್ ಮಾಡಬೇಡಿ. ಹಾಡು ಇದ್ದರೆ ಮಾತು ನಿಲ್ಲಿಸಿ. ಬಿಡುವಾದಾಗ ಈ ಟ್ಯೂನಿನ ಹೆಸರೇನು, ಯಾರಿಂದ ಕಲಿತಿರಿ ಅಂತ ಕೇಳಿ. ಎರಡನೇ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ಟ್ಯೂನಿಗಿಂತ ಉದ್ದವಿರುತ್ತದೆ.

ಎಲ್ಲಿ ನಿಲ್ಲಬೇಕು? ಸೌಂಡ್ ಇಂಜಿನಿಯರ್ ಕೂತಿರುವ ಜಾಗದ ಹತ್ತಿರ. ಅವರು ತಮ್ಮ ಕಿವಿಗೆ ಸರಿಯಾಗುವಂತೆ ಹೊಂದಿಸುತ್ತಿರುತ್ತಾರೆ, ನಿಮಗೂ ಅದೇ ಕೇಳಿಸುತ್ತದೆ. ಮತ್ತೆ, ಇಯರ್‌ಪ್ಲಗ್ ಮರೆಯಬೇಡಿ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಸಣ್ಣ ಹಾಲ್‌ನಲ್ಲಿ ರಾಕ್ ಬ್ಯಾಂಡ್ ಅಷ್ಟು ಸದ್ದು ಸುಲಭವಾಗಿ ಮಾಡುತ್ತದೆ.

ಮುಗಿದ ಮೇಲೆ ಬ್ಯಾಂಡಿನ ರೆಕಾರ್ಡು, ಟೀ ಶರ್ಟು ಮಾರುವ ಮರ್ಚ್ ಟೇಬಲ್ ಹತ್ತಿರ ಹೋಗಿ. ಸಣ್ಣ ಕಾರ್ಯಕ್ರಮಗಳಲ್ಲಿ ಅಲ್ಲಿ ನಿಂತಿರುವುದು ಎಷ್ಟೋ ಸಲ ಬ್ಯಾಂಡಿನವರೇ. 'ಚೆನ್ನಾಗಿತ್ತು' ಅಂದರೆ 'ಥ್ಯಾಂಕ್ಸ್' ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬದಲಿಗೆ ಕೇಳಿ: ಪ್ರವಾಸದ ವ್ಯಾನಿನಲ್ಲಿ ಈಗ ಏನು ಕೇಳುತ್ತಿದ್ದೀರಿ? ಒಬ್ಬ ಡ್ರಮ್ಮರ್ ನನ್ನ ಟಿಕೆಟಿನ ಹಿಂದೆ ಐದು ಹೆಸರು ಬರೆದುಕೊಟ್ಟಿದ್ದ. ಮೂರು ಇವತ್ತಿಗೂ ಕೇಳುತ್ತೇನೆ. ಒಂದರ ಅಕ್ಷರ ಓದಲಾಗಲೇ ಇಲ್ಲ.

ಹಂತ 9: ಬರೆದಿಡಿ, ಮೂರು ಸಲ ಕೇಳಿ

ಒಂದು ಪುಸ್ತಕ, ಅಥವಾ ಫೋನಿನಲ್ಲಿ ಒಂದು ನೋಟ್. ಮೂರು ಕಾಲಂ: ಹೆಸರು, ಯಾರಿಂದ ಗೊತ್ತಾಯಿತು, ಮುಂದೆ ಯಾರನ್ನು ನೋಡಬೇಕು. ನಡುವಿನ ಕಾಲಂ ಬಿಡಬೇಡಿ. ಆರು ತಿಂಗಳಾದ ಮೇಲೆ ಅದನ್ನು ಓದಿದರೆ ಯಾವ ನಿರೂಪಕರು, ಯಾವ ಲೇಬಲ್, ಯಾವ ಅಪರಿಚಿತರು ನಿಮಗೆ ನಿಜಕ್ಕೂ ಒದಗಿದ್ದಾರೆ ಅಂತ ಕಾಣುತ್ತದೆ. ಉಳಿದವರನ್ನು ಕೈಬಿಡಿ.

ಹೊಸ ಆಲ್ಬಮ್‌ಗೆ ಮೂರು ಸಲ ಕೊಡಿ. ಮೊದಲ ಸಲ ಬೇರೆ ಕೆಲಸ ಮಾಡುತ್ತಾ, ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು, ಮೂರನೇ ಸಲ ಒಂದು ವಾರ ಬಿಟ್ಟು. ಮೊದಲ ಸಲಕ್ಕೇ ಸಲೀಸಾಗಿ ಇಳಿದಿದ್ದು ನನ್ನಲ್ಲಿ ಬೇಗ ಹಳಸಿದೆ. 'ಈಸ್' ಅನ್ನು ಮೊದಲ ಸಲ ಹನ್ನೊಂದನೇ ನಿಮಿಷಕ್ಕೆ ನಿಲ್ಲಿಸಿದ್ದೆ. ಆ ದನಿ ಸಹಿಸಲಾಗಲಿಲ್ಲ. ನನ್ನ ನೋಟಿನಲ್ಲಿ ಅದರ ಎದುರು 'ಬೇಡ' ಅಂತಲೇ ಇದೆ. ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಅಲ್ಬೀನಿ ಅಂತ ಬರೆದು ಒಂದು ಪ್ರಶ್ನೆಚಿಹ್ನೆ.